ಹಿನ್ನೀರಿಗೆ ಇಳಿಯುವ ಮುಂಚೆ, ಎದೆಯ ಮೇಲೊಂದು ಚಾಕು

ಬೆಳಿಗ್ಗೆ ಆರೂಕಾಲು. ಬಾಗಲಕೋಟೆ ಹತ್ತಿರ, ಹೆರಕಲ್ ಕಡೆಯ ಹಿನ್ನೀರು ಇದು. ಹೆಸರಿಗೆ ಘಟಪ್ರಭಾ ನದಿ. ಆದರೆ ಆಲಮಟ್ಟಿ ಅಣೆಕಟ್ಟು ತುಂಬಿದ ಮೇಲೆ ಇಲ್ಲಿ ಹರಿವು ಕಾಣುವುದಿಲ್ಲ. ದೊಡ್ಡ ಕೆರೆಯ ಹಾಗೆ ನಿಂತುಬಿಡುತ್ತದೆ. ನೋಡಲು ಎಷ್ಟು ಶಾಂತ, ಅಲ್ವಾ? ಕೆಳಗೆ ಮಾತ್ರ ಮುಳುಗಿದ ಜಾಲಿ ಗಿಡಗಳಿವೆ, ಹಳೆ ಗೋಡೆಗಳಿವೆ, ಬಲೆಗಳಿವೆ.

ಕಳೆದ ವರ್ಷ ದೀಪಾವಳಿ ಮುಗಿದ ವಾರ, ಇದೇ ನೀರಲ್ಲಿ ನನ್ನ ಕಯಾಕ್, ಅಂದರೆ ಹುಟ್ಟು ಹಾಕುವ ಕಿರಿದಾದ ದೋಣಿ, ಮಗುಚಿತು. ಹಿಂದಿನ ಚುಕ್ಕಾಣಿಗೆ ಬಲೆ ಸುತ್ತಿಕೊಂಡಿತ್ತು. ಬಿಡಿಸಲು ಹಿಂದೆ ತಿರುಗಿದೆ, ಅಷ್ಟೇ. ನೀರಿಗೆ ಬಿದ್ದಾಗ ಅದೇ ಬಲೆ ಎಡಗಾಲಿಗೆ ಸುತ್ತಿತು. ಕೂದಲಿನಷ್ಟು ತೆಳ್ಳಗಿನ ನೈಲಾನ್ ಎಳೆ. ನೀರೊಳಗೆ ಕಣ್ಣಿಗೆ ಬೀಳುವುದೇ ಇಲ್ಲ.

ನನ್ನ ಹತ್ತಿರ ಚಾಕು ಇತ್ತು. ಏಳು ಇಂಚಿನ ಅಲಗು, ಸೂಜಿಯಂಥ ತುದಿ. ಬಲಗಾಲಿನ ಮೀನಖಂಡಕ್ಕೆ ಕಟ್ಟಿಕೊಂಡಿದ್ದೆ. ಕೈಗೆ ಸಿಗಲೇ ಇಲ್ಲ. ಲೈಫ್ ಜಾಕೆಟ್ ಮೇಲಕ್ಕೆ ಎಳೆಯುತ್ತದೆ, ಬಲೆ ಕೆಳಕ್ಕೆ ಜಗ್ಗುತ್ತದೆ. ಬಗ್ಗಿ ಕಾಲು ಮುಟ್ಟಲು ಆಗಲಿಲ್ಲ.

ತೆಪ್ಪದಲ್ಲಿ ಬಂದ ಮೀನುಗಾರ ಕಾಕಾ ಮೊದಲು ಹೇಳಿದ್ದು ಇಷ್ಟು: "ತಮ್ಮಾ, ಒದ್ದಾಡಬ್ಯಾಡ. ಒದ್ದಾಡಿದಷ್ಟೂ ಸುತಗೋತೈತಿ." ಆಮೇಲೆ ಸೊಂಟದಿಂದ ಒಂದು ಪುಟ್ಟ ಚಾಕು ತೆಗೆದು ಎರಡು ಎಳೆ ಕೊಯ್ದರು. ಎರಡೇ ಎಳೆ. ಕಾಲು ಹೊರಗೆ ಬಂತು. ಅವರ ಬಲೆಯೂ ಹೆಚ್ಚು ಹರಿಯಲಿಲ್ಲ.

ಆ ಚಾಕುವನ್ನು ಇವತ್ತು ಕೇಳಿ ತೆಗೆದುಕೊಂಡಿದ್ದೇನೆ. ಹತ್ತಿರದಿಂದ ನೋಡಿ. ಹಳೆಯ ಕುಡುಗೋಲಿನ ತುಂಡು. ನನ್ನ ನಡುಬೆರಳಿನಷ್ಟು ಉದ್ದ. ಒಳಬದಿಗೆ ಬಾಗಿದೆ, ಬಾಗಿದ ಕಡೆ ಸಣ್ಣ ಸಣ್ಣ ಹಲ್ಲು. ತುದಿಯನ್ನು ಕಲ್ಲಿಗೆ ತಿಕ್ಕಿ ಮೊಂಡು ಮಾಡಿದ್ದಾರೆ. ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದ್ದಾರೆ, ಒದ್ದೆ ಕೈಯಲ್ಲೂ ಜಾರುವುದಿಲ್ಲ.

ಜೋಳದ ಹೊಲದಲ್ಲಿ ಕೆಲಸ ಮಾಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಕುಡುಗೋಲಿನಿಂದ ಯಾರೂ ಹೊಡೆಯುವುದಿಲ್ಲ, ಚುಚ್ಚುವುದಿಲ್ಲ. ದಂಟಿಗೆ ಹಾಕಿ ನಮ್ಮ ಕಡೆ ಎಳೆಯುತ್ತೇವೆ. ನೀರಲ್ಲೂ ಹಾಗೇ. ಬೀಸಿದರೆ ನೀರು ಕೈ ತಡೆಯುತ್ತದೆ. ಒತ್ತಿದರೆ ಸಡಿಲ ಎಳೆ ಬಾಗಿ ಹಿಂದೆ ಸರಿಯುತ್ತದೆ. ಕೊಕ್ಕೆಯಲ್ಲಿ ಸಿಕ್ಕಿಸಿ ಎಳೆದರೆ ಎಳೆ ತಾನೇ ಬಿಗಿಯಾಗಿ ಕತ್ತರಿಸಿಹೋಗುತ್ತದೆ.

ಹಾಗಾಗಿ ಅಂಗಡಿಯಲ್ಲಿ ನಾನು ಮೊದಲು ನೋಡುವುದು ಕೊಕ್ಕೆ ಇದೆಯಾ ಅಂತ. ಒಳ್ಳೆಯ ಡೈವಿಂಗ್ ಚಾಕುಗಳಲ್ಲಿ ಅಲಗಿನ ಬೆನ್ನಿಗೆ ಕೊಕ್ಕೆಯಂಥ ಒಂದು ಸಣ್ಣ ಕಚ್ಚು ಇರುತ್ತದೆ. ಅದು ಮೀನಿನ ದಾರಕ್ಕೆ. ಒಂದು ಕಡೆ ಹಲ್ಲು, ಅದು ದಪ್ಪ ಹಗ್ಗಕ್ಕೆ. ಇನ್ನೊಂದು ಕಡೆ ನುಣುಪು ಅಲಗು. ಮೂರು ಇಂಚು ಉದ್ದ ಸಾಕು. ಮಡಚುವ ಚಾಕು ಮಾತ್ರ ಬೇಡ. ತಣ್ಣನೆ ನೀರಲ್ಲಿ ಬೆರಳು ಮರಗಟ್ಟಿದಾಗ, ಒಂದೇ ಕೈಯಲ್ಲಿ ಅದನ್ನು ಬಿಚ್ಚಲು ಪ್ರಯತ್ನಿಸಿ ನೋಡಿ, ಗೊತ್ತಾಗುತ್ತದೆ.

ಚೂಪು ತುದಿ ಯಾಕೆ ಬೇಡ? ಗಾಬರಿಯಲ್ಲಿ ಕೈ ಎಲ್ಲಿಗೆ ಹೋಗುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಕಾಲಿಗೆ ಚುಚ್ಚಬಹುದು. ಗಾಳಿ ತುಂಬುವ ಕಯಾಕ್ ಆದರೆ ದೋಣಿಯೇ ಹೋಯಿತು. ಡೈವಿಂಗ್‌ನಲ್ಲಿ ಮೈಮೇಲಿನ ಜಾಕೆಟ್ ಕೂಡ ಗಾಳಿ ತುಂಬಿದ್ದೇ.

ಇನ್ನು ಎಲ್ಲಿ ಕಟ್ಟಿಕೊಳ್ಳಬೇಕು? ಕಯಾಕ್‌ಗೆ ಎದೆ. ಲೈಫ್ ಜಾಕೆಟ್ ಮುಂಭಾಗದಲ್ಲಿ ಚಾಕು ಸಿಕ್ಕಿಸಲು ಒಂದು ಪಟ್ಟಿ ಇರುತ್ತದೆ. ಎಡಗೈ, ಬಲಗೈ ಎರಡಕ್ಕೂ ಸಿಗಬೇಕು. ಕಾಲಿನ ಮಾತು ನಾನು ಮತ್ತೆ ಎತ್ತುವುದಿಲ್ಲ. ಚಾಕುವಿಗೆ ಉದ್ದ ದಾರ ಕಟ್ಟಬೇಡಿ, ಆ ದಾರವೇ ಸುತ್ತಿಕೊಳ್ಳುತ್ತದೆ.

ಡೈವಿಂಗ್ ಅಂದರೆ ನಮಗೆ ಹತ್ತಿರ ಮುರ್ಡೇಶ್ವರದ ನೇತ್ರಾಣಿ ದ್ವೀಪ. ಅದು ಸಮುದ್ರ, ಅಲ್ಲಿ ಲೆಕ್ಕ ಬೇರೆ. ಮನೆಯ ಪಾತ್ರೆಗಳಿಗೆ ಬಳಸುವ 304 ಸ್ಟೀಲ್ ಸುಲಭಕ್ಕೆ ತುಕ್ಕು ಹಿಡಿಯುವುದಿಲ್ಲ, ಆದರೆ ಅದರಲ್ಲಿ ಚಾಕು ಮಾಡಿದರೆ ಹರಿತ ನಿಲ್ಲುವುದಿಲ್ಲ. ಹರಿತ ನಿಲ್ಲಬೇಕೆಂದರೆ ಇಂಗಾಲ ಜಾಸ್ತಿ ಬೇಕು. ಇಂಗಾಲ ಜಾಸ್ತಿಯಾದರೆ ಉಪ್ಪು ನೀರು ಬೇಗ ತಿನ್ನುತ್ತದೆ. ಟೈಟಾನಿಯಂ ಹಗುರ, ತುಕ್ಕಿನ ಚಿಂತೆಯೇ ಇಲ್ಲ, ಆದರೆ ಬೇಗ ಮೊಂಡಾಗುತ್ತದೆ, ಬೆಲೆಯೂ ಜಾಸ್ತಿ. ಎಚ್1 ಅನ್ನುವ ಚಾಕು ಸ್ಟೀಲಿನಲ್ಲಿ ಇಂಗಾಲ ತೀರಾ ಕಡಿಮೆ, ಅದಕ್ಕೆ ಸಮುದ್ರದಲ್ಲೂ ಬಾಳುತ್ತದೆ. ಹಿನ್ನೀರಿಗೆ ಇಷ್ಟೆಲ್ಲ ಬೇಡ. 420 ಸ್ಟೀಲಿನ ಚಾಕು ಧಾರಾಳವಾಯಿತು. ಯಾವುದೇ ಆಗಲಿ, ಉಪ್ಪು ನೀರಿಂದ ಬಂದ ಮೇಲೆ ಸಿಹಿನೀರಲ್ಲಿ ತೊಳೆಯಿರಿ. ಒರೆಯಿಂದ ಹೊರಗೆ ತೆಗೆದು ಒಣಗಿಸಿ. ತುಕ್ಕು ಶುರುವಾಗುವುದೇ ಒರೆಯ ಒಳಗೆ.

ಹಿಡಿಯ ಬಣ್ಣ ಹಳದಿ ಇರಲಿ. ಕೆಂಪು ಐದಾರು ಮೀಟರ್ ಆಳದಲ್ಲೇ ಕಂದು ಬಣ್ಣವಾಗಿ ಕಾಣುತ್ತದೆ. ಕಪ್ಪು ಹಿಡಿ ಬಿದ್ದರೆ ಹುಡುಕಲು ಸಿಗುವುದಿಲ್ಲ.

ಮಳೆಗಾಲದ ಹೊಸ ನೀರಲ್ಲಂತೂ ಬಣ್ಣವೂ ಉಪಯೋಗಕ್ಕೆ ಬರುವುದಿಲ್ಲ. ಕೆಂಪು ರಾಡಿ, ಅಂಗೈ ಕಾಣುವುದಿಲ್ಲ. ಅದಕ್ಕೇ ಈಗ ಹೊಸ ಚಾಕುವನ್ನು ಎದೆಗೆ ಸಿಕ್ಕಿಸಿಕೊಂಡು ದಡದಲ್ಲಿ ಕಣ್ಣು ಮುಚ್ಚಿ ನಿಂತಿದ್ದೇನೆ. ಬಲಗೈಯಲ್ಲಿ ಹತ್ತು ಸಲ, ಎಡಗೈಯಲ್ಲಿ ಹತ್ತು ಸಲ. ತೆಗೆಯುವುದು, ಎಳೆಯುವುದು, ಮತ್ತೆ ಒರೆಗೆ ಹಾಕುವುದು. ಎಡಗೈ ಇನ್ನೂ ತಡವರಿಸುತ್ತಿದೆ. ಇನ್ನೊಂದು ಹತ್ತು ಸಲ.

ಕಾಕಾ ಹರಿದ ಬಲೆಯ ಒಂದು ತುಂಡು ಕೊಟ್ಟಿದ್ದಾರೆ. ಅದನ್ನು ಮೊಣಕಾಲುದ್ದ ನೀರಲ್ಲಿ ಕಾಲಿಗೆ ಸುತ್ತಿಕೊಂಡು, ಹೊಸ ಚಾಕುವಿನ ಕೊಕ್ಕೆ ಸಿಕ್ಕಿಸಿ ಎಳೆದೆ. ಟಪ್ ಅಂತ ಹೋಯಿತು. ಕಾಕಾ ಚಾಕು ಕೈಗೆ ತೆಗೆದುಕೊಂಡು ಹಲ್ಲಿನ ಮೇಲೆ ಹೆಬ್ಬೆರಳು ಸವರಿ ನೋಡಿದರು.

"ಚಲೋ ಐತಿ. ಆದರ ಬಲಿ ಸಿಕ್ಕ ಮ್ಯಾಲೆ ಕೊಯ್ಯೂದಕಿಂತ, ಸಿಗದಂಗ ಹೋಗೂದು ನೋಡು. ಅಲ್ಲಿ ಬಿಳೇ ಬಾಟ್ಲಿ ತೇಲಾಕತ್ತಾವಲ್ಲ, ಅದು ನಂದ ಬಲಿ. ಅದರ ಆಚಿಂದ ಹಾದು ಹೋಗು."

"ಆತ್ರೀ ಕಾಕಾ" ಅಂದೆ. ಕಯಾಕ್ ನೀರಿಗೆ ತಳ್ಳಿ, ಬಾಟಲಿಗಳ ಸಾಲನ್ನು ಎಡಕ್ಕೆ ಬಿಟ್ಟು ಹುಟ್ಟು ಹಾಕಿದೆ.