ಹಾರಿಸುವ ಮೊದಲೇ ವಾಪಸಾತಿಯ ಲೆಕ್ಕ

ಎಲ್ಲರಿಗೂ ನಮಸ್ಕಾರ. ಹೊಸ ಡ್ರೋನ್ ಕೈಗೆ ಬಂದಾಗ ಮೊದಲು ಅದನ್ನು ತೂಗಿ ನೋಡಿ. ಬ್ಯಾಟರಿ, ಮೆಮೊರಿ ಕಾರ್ಡ್, ಪ್ರೊಪೆಲ್ಲರ್ ಗಾರ್ಡ್ (ತಿರುಗುವ ರೆಕ್ಕೆಗಳ ಸುತ್ತಲಿನ ರಕ್ಷಾ ಚೌಕಟ್ಟು) ಎಲ್ಲ ಸೇರಿಸಿಯೇ ತೂಗಬೇಕು. ಭಾರತ, ಅಮೆರಿಕ, ಯುರೋಪ್ ಎಲ್ಲ ಕಡೆಯ ನಿಯಮಗಳಲ್ಲೂ 250 ಗ್ರಾಂ ಒಂದು ಗಡಿ. ಪೆಟ್ಟಿಗೆಯ ಮೇಲೆ 249 ಎಂದಿದ್ದರೂ ಗಾರ್ಡ್ ಸಿಕ್ಕಿಸಿದರೆ ಆ ಗಡಿ ದಾಟುತ್ತದೆ. ಹಗುರ ಇದ್ದರೆ ಯಾವ ಕಾನೂನೂ ಇಲ್ಲ ಎಂದುಕೊಳ್ಳಬೇಡಿ: ವಿಮಾನ ನಿಲ್ದಾಣ, ಸೇನಾ ನೆಲೆಗಳ ಸುತ್ತಲಿನ ನಿರ್ಬಂಧ ತೂಕ ನೋಡುವುದಿಲ್ಲ. ನೋಂದಣಿ, ಪರೀಕ್ಷೆಗಳ ವಿಚಾರ ದೇಶದಿಂದ ದೇಶಕ್ಕೆ ಬೇರೆ. ನಿಮ್ಮ ವಾಯುಯಾನ ಪ್ರಾಧಿಕಾರ ಹೇಳಿದ ನಕ್ಷೆಯನ್ನು ಹಾರಿಸುವ ದಿನವೇ ನೋಡಿ, ತಾತ್ಕಾಲಿಕ ನಿಷೇಧಗಳು ಹಿಂದಿನ ವಾರದ ನಕ್ಷೆಯಲ್ಲಿ ಇರುವುದಿಲ್ಲ.

ಎತ್ತರಕ್ಕೆ ಸಾಮಾನ್ಯ ಮಿತಿ 120 ಮೀಟರ್, ಅಂದರೆ ಸುಮಾರು 400 ಅಡಿ. ಡ್ರೋನ್ ಸದಾ ಬರಿಗಣ್ಣಿಗೆ ಕಾಣುತ್ತಿರಬೇಕು. ಪರದೆಯ ಚಿತ್ರ ಈ ಲೆಕ್ಕಕ್ಕಿಲ್ಲ. ಇಲ್ಲೊಂದು ಸೂಕ್ಷ್ಮವಿದೆ. ಪರದೆಯಲ್ಲಿ ಕಾಣುವ ಎತ್ತರ ಸಾಮಾನ್ಯವಾಗಿ ನೀವು ಹಾರಿಸಿದ ಜಾಗದಿಂದ ಅಳೆದದ್ದು, ಡ್ರೋನಿನ ಕೆಳಗಿರುವ ನೆಲದಿಂದಲ್ಲ. ಗುಡ್ಡದ ತುದಿಯಿಂದ ಕಣಿವೆಯ ಮೇಲೆ ಕಳಿಸಿದರೆ ಪರದೆ 60 ಎಂದು ತೋರಿಸುವಾಗಲೇ ಮಿತಿ ಮೀರಿರಬಹುದು. ಏರುವ ನೆಲದತ್ತ ಕಳಿಸಿದರೆ ಅದೇ 60 ಮೀಟರಿನಲ್ಲಿ ಮರಕ್ಕೆ ಬಡಿಯುತ್ತದೆ.

ಹೊಸಬರು ಅತಿಯಾಗಿ ನಂಬುವುದು ಡ್ರೋನನ್ನು ತಾನಾಗಿ ವಾಪಸ್ ಕರೆಸುವ ರಿಟರ್ನ್ ಟು ಹೋಮ್ ಎಂಬ ಗುಂಡಿಯನ್ನು. ಹೋಮ್ ಎಂದರೆ ನೀವು ನಿಂತ ಜಾಗವಲ್ಲ, ಡ್ರೋನ್ ದಾಖಲಿಸಿಕೊಂಡ ಜಾಗ. ಜಿಪಿಎಸ್ ಸರಿಯಾಗಿ ಸಿಗುವ ಮೊದಲೇ ಏರಿಸಿದರೆ ಆ ದಾಖಲೆ ತಪ್ಪಬಹುದು, ಇಲ್ಲವೇ ಎಲ್ಲೋ ಗಾಳಿಯಲ್ಲಿದ್ದಾಗ ಆಗಬಹುದು. ಹಾಗಾಗಿ ‘ಹೋಮ್ ಪಾಯಿಂಟ್ ದಾಖಲಾಗಿದೆ’ ಎಂಬ ಸೂಚನೆ ಬರುವ ತನಕ ಕಾಯಿರಿ, ನಕ್ಷೆಯಲ್ಲಿ ಗುರುತು ನೋಡಿಕೊಳ್ಳಿ. ವಾಪಸಾತಿಯ ಎತ್ತರವನ್ನೂ ನೀವೇ ನಿಗದಿ ಮಾಡಿ: ಸುತ್ತಲಿನ ಅತಿ ಎತ್ತರದ ಮರ, ಕಂಬ, ಕಟ್ಟಡಕ್ಕಿಂತ 15-20 ಮೀಟರ್ ಹೆಚ್ಚಿರಲಿ, ಕಾನೂನಿನ ಮಿತಿಯೊಳಗಿರಲಿ. ಮರದ ಕೆಳಗೋ ಸೂರಿನ ಕೆಳಗೋ ಇದ್ದಾಗ ಈ ಗುಂಡಿ ಒತ್ತಿದರೆ ಡ್ರೋನ್ ಮೊದಲು ನೇರ ಮೇಲಕ್ಕೇ ಹೋಗುತ್ತದೆ. ಮುಂದೇನೆಂದು ಹೇಳಬೇಕಿಲ್ಲ.

ಕಾಂಕ್ರೀಟ್ ತಾರಸಿ, ಕಾರಿನ ಬಾನೆಟ್, ಚರಂಡಿಯ ಕಬ್ಬಿಣದ ಮುಚ್ಚಳ ಇವುಗಳ ಮೇಲಿಂದ ಹಾರಿಸಬೇಡಿ. ಒಳಗಿನ ಕಬ್ಬಿಣ ಕಂಪಾಸನ್ನು ದಾರಿ ತಪ್ಪಿಸುತ್ತದೆ. ಒಂದೆಡೆ ನಿಲ್ಲಬೇಕಾದ ಡ್ರೋನ್ ಸುತ್ತು ಹೊಡೆಯುತ್ತಾ, ಸುತ್ತು ದೊಡ್ಡದು ಮಾಡುತ್ತಾ ಹೋದರೆ ಕಾರಣ ಬಹುಮಟ್ಟಿಗೆ ಇದೇ, ಕೂಡಲೇ ಇಳಿಸಿ.

ಪ್ರೊಪೆಲ್ಲರ್‌ಗಳಲ್ಲಿ ಎರಡು ಬಗೆ: ಪ್ರದಕ್ಷಿಣವಾಗಿ ತಿರುಗುವವು, ಅಪ್ರದಕ್ಷಿಣವಾಗಿ ತಿರುಗುವವು. ಗುರುತು ನೋಡದೆ ಅದಲುಬದಲು ಮಾಡಿದರೆ ಏರುವಾಗಲೇ ಮಗುಚಿಕೊಳ್ಳುತ್ತದೆ. ಅಂಚಿಗೆ ಉಗುರು ಆಡಿಸಿ. ಎಲ್ಲಾದರೂ ತಡೆದರೆ ಬದಲಿಸಿ. ಅಂಟು ಹಾಕುವ ಉಳಿತಾಯ ಬೇಡ.

ಗಾಳಿಯ ದಿನ ಮೊದಲು ಗಾಳಿಗೆ ಎದುರಾಗಿ ಹೋಗಿ. ಆಗ ಬ್ಯಾಟರಿ ಇಳಿದ ಹೊತ್ತಿಗೆ ವಾಪಸಾತಿ ಗಾಳಿಯ ಜೊತೆಗಿರುತ್ತದೆ. ತಿರುಗುಮುರುಗಾದರೆ ಹೋಗಲು 15 ಶೇಕಡಾ ಸಾಕಾದದ್ದು ಬರಲು ಅದರ ದುಪ್ಪಟ್ಟು ಕೇಳಬಹುದು. ನೆಲದಲ್ಲಿ ಎಲೆಯೂ ಅಲ್ಲಾಡದಿರುವಾಗ ಮೇಲೆ ಜೋರು ಗಾಳಿ ಇರುವುದುಂಟು. 30 ಶೇಕಡಾ ಉಳಿದಾಗ ನೆಲದ ಮೇಲಿರಬೇಕು ಎಂಬ ಕಟ್ಟುನಿಟ್ಟು ಇಟ್ಟುಕೊಳ್ಳಿ.

ಮೊದಲ ದಿನಗಳ ಅಭ್ಯಾಸ ಬೇಸರ ತರಿಸುವಂಥದ್ದೇ. ಜನರಿಲ್ಲದ ಬಯಲಿನಲ್ಲಿ ಎರಡು ಮೀಟರ್ ಎತ್ತರದಲ್ಲಿ ನಿಲ್ಲಿಸಿ, ಚೌಕ ಬರೆಯಿರಿ. ಆಮೇಲೆ ಡ್ರೋನಿನ ಮೂತಿ ನಿಮ್ಮತ್ತ ತಿರುಗಿಸಿ ಅದೇ ಚೌಕ. ಈಗ ಎಡ ಬಲಗಳು ಅದಲುಬದಲು. ಗಾಬರಿಯಲ್ಲಿ ರಿಮೋಟಿನ ಸ್ಟಿಕ್ಕನ್ನು ತಪ್ಪು ಕಡೆ ತಳ್ಳಿ ಮರಕ್ಕೆ ಗುದ್ದುವುದು ಇಲ್ಲೇ. ದಿಕ್ಕು ತಿಳಿಯದಾದರೆ ಎರಡೂ ಸ್ಟಿಕ್ ಬಿಟ್ಟುಬಿಡಿ. ಜಿಪಿಎಸ್ ಇರುವ ಡ್ರೋನ್ ತಾನೇ ನಿಲ್ಲುತ್ತದೆ. ಇಳಿಸುವಾಗ ವೇಗವಾಗಿ ನೇರ ಕೆಳಗೆ ತರಬೇಡಿ. ತಾನೇ ತಳ್ಳಿದ ಗಾಳಿಯೊಳಗೆ ಬಿದ್ದು ಅದು ಓಲಾಡುತ್ತದೆ. ಓಲಾಡಿದರೆ ಮುಂದಕ್ಕೆ ಚಲಿಸಿ ಹೊರಗೆ ತನ್ನಿ.

ಇಳಿದ ಬ್ಯಾಟರಿ ಬಿಸಿಯಾಗಿರುತ್ತದೆ. ತಣಿದ ಮೇಲೆಯೇ ಚಾರ್ಜ್. ಬ್ಯಾಟರಿಯೊಳಗಿನ ಒಂದೊಂದು ಲಿಥಿಯಂ ಪಾಲಿಮರ್ ಸೆಲ್ ತುಂಬಿದಾಗ ಸಾಮಾನ್ಯವಾಗಿ 4.2 ವೋಲ್ಟ್, ವಾರಗಟ್ಟಲೆ ಎತ್ತಿಡುವುದಾದರೆ 3.8ರ ಆಸುಪಾಸು ಇರಲಿ. ಪೂರ್ತಿ ತುಂಬಿಸಿಟ್ಟರೆ ಬೇಗ ಹಾಳಾಗುತ್ತದೆ, ಪೂರ್ತಿ ಖಾಲಿ ಬಿಟ್ಟರೆ ಮತ್ತೆ ಏಳದಿರಬಹುದು. ಊದಿಕೊಂಡ ಬ್ಯಾಟರಿಯನ್ನು ಚಾರ್ಜ್ ಮಾಡಲೂಬೇಡಿ, ಒತ್ತಿ ಚಪ್ಪಟೆ ಮಾಡಲೂಬೇಡಿ, ಮನೆಯ ಕಸಕ್ಕೂ ಹಾಕಬೇಡಿ. ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.