ಸದ್ದಿಲ್ಲದ ಬ್ಯಾಟು: ಮುಂಬಯಿ, 1952

ಕೇಳುಗರಿಗೆ ನಮಸ್ಕಾರ. ಟೇಬಲ್ ಟೆನಿಸ್ ಆಡುವ ಮಕ್ಕಳು, ಅವರನ್ನು ಪಂದ್ಯಗಳಿಗೆ ಕರೆದೊಯ್ಯುವ ಅಪ್ಪ ಅಮ್ಮಂದಿರು ರೇಡಿಯೋ ಹಾಕಿಕೊಂಡಿದ್ದರೆ ಇದೊಂದು ಮಾತು ಕೇಳಿ. ಎದುರಾಳಿಯ ಮುಖ ಆಮೇಲೆ ನೋಡಿದರಾಯಿತು, ಮೊದಲು ಅವರ ಬ್ಯಾಟಿನ ರಬ್ಬರ್ ನೋಡಿ.

1952ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಏಷ್ಯಾಕ್ಕೆ ಅದು ಬಂದದ್ದು ಅದೇ ಮೊದಲು. ಅಲ್ಲಿಯವರೆಗೆ ಪುರುಷರ ಸಿಂಗಲ್ಸ್ ಪ್ರಶಸ್ತಿ ಯುರೋಪು ದಾಟಿ ಹೋಗಿರಲಿಲ್ಲ. ವಿಕ್ಟರ್ ಬಾರ್ನಾ ಐದು ಸಲ, ರಿಚರ್ಡ್ ಬರ್ಗ್‌ಮನ್ ನಾಲ್ಕು ಸಲ ಗೆದ್ದಿದ್ದರು. ಹಿಂದಿನ ವರ್ಷದ ಚಾಂಪಿಯನ್ ಇಂಗ್ಲೆಂಡಿನ ಜಾನಿ ಲೀಚ್.

ಈ ದೊಡ್ಡವರೆಲ್ಲ ಆಡುತ್ತಿದ್ದದ್ದು ಒಂದೇ ಬಗೆಯ ಬ್ಯಾಟಿನಲ್ಲಿ: ಮರದ ಹಲಗೆ, ಮೇಲೆ ಗುಳ್ಳೆಗಳಿರುವ ತೆಳ್ಳನೆ ರಬ್ಬರ್, ನಡುವೆ ಬೇರೇನೂ ಇಲ್ಲ. ಚೆಂಡು ತಾಕಿದರೆ ‘ಟೊಕ್’ ಎನ್ನುತ್ತಿತ್ತು. ಜೋರಾಗಿ ಹೊಡೆದರೆ ಒಂದು ಸದ್ದು, ಕೆಳಗೆ ಕೊಯ್ದು ಚಾಪ್ ಮಾಡಿದರೆ ಇನ್ನೊಂದು. ವರ್ಷಗಟ್ಟಲೆ ಆಡಿದವರ ಕಾಲು ಆ ಸದ್ದು ಕೇಳುತ್ತಲೇ ಹೆಜ್ಜೆ ಇಡುತ್ತಿತ್ತು.

ಅಂಥ ಕಡೆಗೆ ಜಪಾನಿನ ಹಿರೋಜಿ ಸಾಟೊ ಬಂದರು. ಕನ್ನಡಕ ಹಾಕಿದ ಸಣ್ಣ ಆಳು, ಪೆನ್ನು ಹಿಡಿದ ಹಾಗೆ ಬ್ಯಾಟು ಹಿಡಿಯುವವರು. ಅವರ ಬ್ಯಾಟಿನ ಮೇಲೆ ದಪ್ಪ ಸ್ಪಂಜು ಅಂಟಿತ್ತು. ಚೆಂಡು ತಾಕಿದರೆ ಸದ್ದೇ ಇಲ್ಲ! ಗಟ್ಟಿ ರಬ್ಬರಿನ ಮೇಲೆ ಚೆಂಡು ತಾಕಿದೊಡನೆ ಚಿಮ್ಮುತ್ತದೆ. ಸ್ಪಂಜಿನಲ್ಲಿ ಹಾಗಲ್ಲ, ಒಳಗೆ ಹೂತು, ಒಂದು ಚೂರು ತಡೆದು, ಆಮೇಲೆ ಹೊರಗೆ ಹಾರುತ್ತದೆ. ನೀವು ಜೋರಾಗಿ ಹೊಡೆದಷ್ಟೂ ಆಳಕ್ಕೆ ಹೂತು, ನಿಮ್ಮದೇ ವೇಗವನ್ನು ನಿಮಗೆ ತಿರುಗಿಸುತ್ತದೆ. ಮೆಲ್ಲಗೆ ಕೊಟ್ಟಿರೋ, ಚೆಂಡು ಅಲ್ಲೇ ಸತ್ತು ನೆಟ್‌ನ ಹತ್ತಿರ ಬೀಳುತ್ತದೆ. ಸಾಟೊ ದೊಡ್ಡ ಹೊಡೆತಗಳನ್ನೇ ಹೊಡೆಯಬೇಕಾಗಿರಲಿಲ್ಲ, ಬ್ಯಾಟನ್ನು ಅಡ್ಡ ಹಿಡಿದು ತಡೆದರೂ ಎದುರಿನವರ ಲೆಕ್ಕ ತಪ್ಪುತ್ತಿತ್ತು. ಕಿವಿ ಹೇಳಬೇಕಾದ ಸುದ್ದಿ ಬರಲಿಲ್ಲ, ಕಣ್ಣು ಹೇಳುವಷ್ಟರಲ್ಲಿ ಚೆಂಡು ದಾಟಿಹೋಗಿತ್ತು.

ಗೆಲ್ಲಬಹುದೆಂದು ಹಲವರು ಎಣಿಸಿದ್ದ ಅಮೆರಿಕದ ಮಾರ್ಟಿ ರೀಸ್‌ಮನ್ ಅವರೂ ಸಾಟೊ ಎದುರು ಸೋತರು. ಫೈನಲ್‌ನಲ್ಲಿ ಹಂಗೇರಿಯ ಯೋಜೆಫ್ ಕೊಟ್ಸಿಯಾನ್ ಸೋತರು. ಇದನ್ನು ಇಂದಿಗೂ ‘ಮಾಯದ ಬ್ಯಾಟು’ ಅನ್ನುವವರಿದ್ದಾರೆ. ದಯವಿಟ್ಟು ಬಿಡಿ, ಮಾಯವೂ ಇಲ್ಲ, ಮಂತ್ರವೂ ಇಲ್ಲ. ರಬ್ಬರ್ ಬೇರೆ ಇತ್ತು, ಅಷ್ಟೇ.

ಆಮೇಲೆ ಸ್ಪಂಜು ಹಬ್ಬಿತು. 1954ರಲ್ಲಿ ಇಚಿರೊ ಒಗಿಮುರಾ, 1955ರಲ್ಲಿ ತೋಶಿಯಾಕಿ ತನಾಕಾ, ಮತ್ತೆ ಒಗಿಮುರಾ, ಮತ್ತೆ ತನಾಕಾ, ನಾಲ್ಕೂ ವಿಶ್ವ ಪ್ರಶಸ್ತಿ ಜಪಾನಿಗೆ. 1959ರಲ್ಲಿ ನಿಯಮ ಬಂತು: ಬರಿ ಸ್ಪಂಜು ಕೂಡದು, ಮೇಲೆ ಗುಳ್ಳೆ ರಬ್ಬರ್ ಇರಲೇಬೇಕು, ಅಂಟೂ ಸೇರಿ ಒಟ್ಟು ದಪ್ಪ 4 ಮಿಲಿಮೀಟರ್ ಮೀರಬಾರದು. ಸ್ಪಂಜಿಲ್ಲದ ಗುಳ್ಳೆ ರಬ್ಬರಾದರೆ 2 ಮಿಲಿಮೀಟರ್. ಆ ಅಳತೆ ಇಂದಿಗೂ ಹಾಗೇ ಇದೆ.

ಈಗ ನಿಮ್ಮ ಕೆಲಸಕ್ಕೆ ಬರೋಣ, ಹೊತ್ತು ಕಮ್ಮಿ ಇದೆ. ಪಂದ್ಯ ಶುರುವಾಗುವ ಮುಂಚೆ ಎದುರಾಳಿಯ ಬ್ಯಾಟು ಕೇಳಿ ನೋಡುವುದು ನಿಮ್ಮ ಹಕ್ಕು, ನಾಚಿಕೊಳ್ಳಬೇಡಿ. ಎರಡೂ ಬದಿ ತಿರುಗಿಸಿ. ಒಂದು ಬದಿ ಕಪ್ಪು, ಇನ್ನೊಂದು ಬದಿ ಬೇರೆ ಬಣ್ಣ ಇರುತ್ತದೆ, ಯಾವ ಬಣ್ಣದಲ್ಲಿ ಯಾವ ರಬ್ಬರ್ ಎಂದು ನೆನಪಿಡಿ. ಉದ್ದ ಗುಳ್ಳೆಯ ರಬ್ಬರಾದರೆ ನೀವು ಚಾಪ್ ಮಾಡಿದ ಚೆಂಡು ಮೇಲ್‌ತಿರುಗು, ಅಂದರೆ ಮುಂದಕ್ಕೆ ಉರುಳುವ ಸುತ್ತು, ಹೊತ್ತು ವಾಪಸ್ ಬರುತ್ತದೆ. ಆಗ ಮಾಮೂಲಿನಂತೆ ಬ್ಯಾಟಿನ ಮುಖ ಮೇಲಕ್ಕೆ ತೆರೆದರೆ ಚೆಂಡು ಟೇಬಲ್ ಆಚೆ. ಬ್ಯಾಟಿನ ಮುಖ ಸ್ವಲ್ಪ ಕೆಳಕ್ಕೆ ಬಾಗಿಸಿಕೊಳ್ಳಿ. ನುಣುಪಾದ ರಬ್ಬರ್ ಮೇಲೆ ಬೆರಳು ಸರ್ರನೆ ಜಾರಿದರೆ, ಅದು ತಿರುಗನ್ನು ಹಿಡಿಯದ ರಬ್ಬರ್.

ನಿಮ್ಮ ಬ್ಯಾಟಿನ ರಬ್ಬರನ್ನೂ ನೋಡಿಕೊಳ್ಳಿ. ಅಂಟು ತೆಳ್ಳಗೆ, ಸಮನಾಗಿ ಹಚ್ಚಿ. ಗಂಟು ಕಟ್ಟಿದರೆ ರಬ್ಬರ್ ಉಬ್ಬುತ್ತದೆ, ಅಲ್ಲಿ ತಾಗಿದ ಚೆಂಡು ಹೇಳಿದ ಕಡೆ ಹೋಗುವುದಿಲ್ಲ, ದಪ್ಪದ ಅಳತೆಯಲ್ಲೂ ಸಿಕ್ಕಿಬೀಳುತ್ತೀರಿ. ಆಡಿದ ಮೇಲೆ ಒದ್ದೆ ಬಟ್ಟೆಯಲ್ಲಿ ದೂಳು ಒರೆಸಿ, ಕವರಿನೊಳಗಿಡಿ. ಬಿಸಿಲಿಗೆ ನಿಂತ ಸ್ಕೂಟರಿನ ಡಿಕ್ಕಿಯಲ್ಲಿ ಮಾತ್ರ ಬಿಡಬೇಡಿ.

ನಮಸ್ಕಾರ.