ಎಲ್ಲರಿಗೂ ಒಂದೇ ಫೋನ್ ನಂಬರ್

ಕೇಳುಗರಿಗೆ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ಒಂದು ಸಂಘದವರು ತಮ್ಮ ಸದಸ್ಯರ ಪಟ್ಟಿ ಯಾಕೋ ಕೆಟ್ಟಿದೆ, ನೋಡಿಕೊಡಿ ಅಂತ ಕರೆದಿದ್ದರು. ಹಳೇ ಮೈಎಸ್‌ಕ್ಯೂಎಲ್ ಡೇಟಾಬೇಸ್, ಅಂದರೆ ಮಾಹಿತಿಯನ್ನು ಸಾಲು, ಕಾಲಂಗಳ ಟೇಬಲ್‌ಗಳಲ್ಲಿ ಇಡುವ ಸಾಫ್ಟ್‌ವೇರ್. ತೆರೆದರೆ ಸಾಲಾಗಿ ಎಲ್ಲರ ಹೆಸರಿನ ಮುಂದೆಯೂ ಒಂದೇ ಮೊಬೈಲ್ ನಂಬರ್: 2147483647. ಗುಮಾಸ್ತರು ಪಾಪ, "ಸಾರ್, ನಾನು ಸರಿಯಾಗೇ ಟೈಪ್ ಮಾಡಿದ್ದೀನಿ" ಅಂತ ಫಾರಂಗಳ ಕಟ್ಟನ್ನೇ ತಂದು ಮೇಜಿನ ಮೇಲಿಟ್ಟರು. ನಿಜ, ಅವರ ತಪ್ಪೇನೂ ಇರಲಿಲ್ಲ.

ನಂಬರ್ ಇಡುವ ಕಾಲಂ 'ಇಂಟ್', ಅಂದರೆ ಪೂರ್ಣಾಂಕ, ಅಂತ ಮಾಡಿದ್ದರು. ಇಂಟ್‌ಗೆ ಸಿಗುವ ಜಾಗ 32 ಬಿಟ್, ಅಂದರೆ 0 ಅಥವಾ 1 ಹಿಡಿಯುವ 32 ಮನೆ. ಪ್ಲಸ್ಸು, ಮೈನಸ್ಸು ಎರಡೂ ಅದರಲ್ಲೇ ಹಿಡಿಯಬೇಕು. ಹಾಗಾಗಿ ಅದರ ಮೇಲ್ಮಿತಿ 214 ಕೋಟಿ 74 ಲಕ್ಷ 83 ಸಾವಿರದ 647. ನಮ್ಮ ಮೊಬೈಲ್ ನಂಬರ್ ಶುರುವಾಗುವುದೇ 6ರಿಂದ 9ರ ಒಳಗಿನ ಅಂಕಿಯಿಂದ. ಸಂಖ್ಯೆ ಅಂತ ಓದಿದರೆ ಕಡಿಮೆ ಅಂದರೂ 600 ಕೋಟಿ. ಪಾವಿಗೆ ಸೇರಕ್ಕಿ ಸುರಿದ ಹಾಗಾಯಿತು, ಅಲ್ವಾ?

ಅಲ್ಲಿ ಸ್ಟ್ರಿಕ್ಟ್ ಮೋಡ್, ಅಂದರೆ ಹಿಡಿಯದ ಅಂಕಿಯನ್ನು ಒಪ್ಪದ ಸೆಟ್ಟಿಂಗ್, ಆಫ್ ಆಗಿತ್ತು. ಆಗ ಮೈಎಸ್‌ಕ್ಯೂಎಲ್ ತಕರಾರು ಮಾಡುವುದಿಲ್ಲ. ಪಾವಿನ ಕಂಠದವರೆಗೆ ತುಂಬಿಕೊಂಡು, ಒಂದು ವಾರ್ನಿಂಗ್ ಗೊಣಗಿ, ಸುಮ್ನಾಗುತ್ತದೆ. ವಾರ್ನಿಂಗ್ ಯಾರು ಓದುತ್ತಾರೆ? 2015ರಲ್ಲಿ ಬಂದ 5.7ನೇ ಆವೃತ್ತಿಯಿಂದ ಈ ಮೋಡ್ ತಾನಾಗೇ ಆನ್ ಇರುತ್ತದೆ. ಅಂಕಿ ಹಿಡಿಯದಿದ್ದರೆ ಎರರ್ ಕೊಟ್ಟು ಸಾಲನ್ನೇ ಸೇರಿಸಿಕೊಳ್ಳುವುದಿಲ್ಲ. ಹಳೇ ಪ್ರೋಗ್ರಾಂ ಕಿರಿಕಿರಿ ಮಾಡುತ್ತೆ ಅಂತ ಅದನ್ನು ಆಫ್ ಮಾಡುವವರು ಈಗಲೂ ಇದ್ದಾರೆ. ನನಗಂತೂ ಕೂಗಾಡುವ ಡೇಟಾಬೇಸೇ ಇಷ್ಟ.

ಅಂದಹಾಗೆ, ಫೋನ್ ನಂಬರನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ. ಅದನ್ನು ಅಕ್ಷರದ ಕಾಲಂನಲ್ಲೇ ಇಡಬೇಕು.

ಇದು ತುಂಬುವಾಗಿನ ಕಥೆ. ಕ್ವೆರಿ, ಅಂದರೆ ಡೇಟಾಬೇಸನ್ನು ಕೇಳುವ ಪ್ರಶ್ನೆ, ಬರೆಯುವಾಗಿನದು ಇನ್ನೂ ಮೋಸದ್ದು. ಒಂದೊಂದು ಸಾಲಿನ ಅಂಕಿಯೂ ಚಿಕ್ಕದೇ ಇರುತ್ತದೆ, ಲೆಕ್ಕ ಹಾಕಿದಾಗ ಉಕ್ಕುತ್ತದೆ. ಹಣವನ್ನು ಪೈಸೆಯಲ್ಲಿ ಇಡುವುದು ಒಳ್ಳೆಯ ಅಭ್ಯಾಸ. ಆದರೆ 214 ಕೋಟಿ ಪೈಸೆ ಅಂದರೆ ಬರೀ 2 ಕೋಟಿ 14 ಲಕ್ಷ ರೂಪಾಯಿ. ಸಣ್ಣ ಸೊಸೈಟಿಯ ವರ್ಷದ ವಹಿವಾಟೂ ಅದನ್ನು ದಾಟಬಹುದು. ಎಸ್‌ಕ್ಯೂಎಲ್ ಸರ್ವರ್ ಅನ್ನುವ ಇನ್ನೊಂದು ಡೇಟಾಬೇಸ್‌ನಲ್ಲಿ ಇಂಟ್ ಕಾಲಂನ ಮೊತ್ತವೂ ಇಂಟೇ. ಅದು ಮಿತಿ ದಾಟಿದರೆ ಕ್ವೆರಿ ಅಲ್ಲೇ ನಿಲ್ಲುತ್ತದೆ. ಪೋಸ್ಟ್‌ಗ್ರೆಸ್ ಅನ್ನುವ ಮತ್ತೊಂದು ಡೇಟಾಬೇಸ್ ಮೊತ್ತವನ್ನು ತಾನೇ 64 ಬಿಟ್‌ನ ಬಿಗ್‌ಇಂಟ್‌ಗೆ ಏರಿಸಿಕೊಳ್ಳುತ್ತದೆ.

ಹಾಗಂತ ಪೋಸ್ಟ್‌ಗ್ರೆಸ್‌ನವರು ನಿಶ್ಚಿಂತೆಯಿಂದ ಇರುವಂತಿಲ್ಲ. 50,000 ಚೀಲ, ಚೀಲಕ್ಕೆ 500 ರೂಪಾಯಿ, ಅಂದರೆ 50,000 ಪೈಸೆ ಅಂತ ಇಟ್ಟುಕೊಳ್ಳಿ. ಗುಣಿಸಿದರೆ 250 ಕೋಟಿ. ಮೊತ್ತ ಹಿಡಿಯುವ ಪಾತ್ರೆ ಎಷ್ಟೇ ದೊಡ್ಡದಿರಲಿ, ಅದರೊಳಗಿನ ಗುಣಾಕಾರ ಇಂಟ್‌ನಲ್ಲೇ ನಡೆಯುತ್ತದೆ. 'ಇಂಟಿಜರ್ ಔಟ್ ಆಫ್ ರೇಂಜ್' ಅಂತ ಬೀಳುತ್ತದೆ. ತುಂಬಾ ಜನ ಇಲ್ಲಿ ಬ್ರಾಕೆಟ್‌ನಲ್ಲಿ ಎಡವುತ್ತಾರೆ. ಚೀಲ ಮತ್ತು ದರವನ್ನು ಬ್ರಾಕೆಟ್ ಒಳಗೆ ಗುಣಿಸಿ, ಬಂದ ಉತ್ತರವನ್ನು ಬಿಗ್‌ಇಂಟ್‌ಗೆ ಕಾಸ್ಟ್ ಮಾಡುತ್ತಾರೆ, ಅಂದರೆ ಆ ಬಗೆಗೆ ಬದಲಿಸುತ್ತಾರೆ. ಅಷ್ಟರಲ್ಲಿ ಹಾಲು ಉಕ್ಕಿ ಆಗಿರುತ್ತದೆ. ಮೊದಲು ಚೀಲದ ಕಾಲಂ ಒಂದನ್ನೇ ಕಾಸ್ಟ್ ಮಾಡಿ, ಆಮೇಲೆ ದರದಿಂದ ಗುಣಿಸಿ. ಎರಡರಲ್ಲಿ ಒಂದು ದೊಡ್ಡದಾದರೆ ಸಾಕು.

ಹೀಗೆ ಉಕ್ಕುವ ಮೂರನೇ ಜಾಗ, ಸಾಲುಗಳಿಗೆ ತಾನಾಗೇ ಏರುತ್ತಾ ಹೋಗುವ ಕ್ರಮಸಂಖ್ಯೆ. ತಂಡಗಳು ತಮ್ಮ ಕೆಲಸ ನೋಡಿಕೊಳ್ಳಲು ಬಳಸುವ ಅಮೆರಿಕದ ಬೇಸ್‌ಕ್ಯಾಂಪ್ ಸೇವೆ 2018ರ ನವೆಂಬರ್ 8ರಂದು ಸುಮಾರು 5 ಗಂಟೆ ಕಾಲ ಬರೀ ಓದುವುದಕ್ಕಷ್ಟೇ ಸಿಗುತ್ತಿತ್ತು. ಒಂದು ಟೇಬಲ್‌ನ ಕ್ರಮಸಂಖ್ಯೆ ಇದೇ 2147483647ಕ್ಕೆ ಮುಟ್ಟಿ ನಿಂತಿತ್ತು. ತಮಾಷೆ ಅಂದರೆ, ವೆಬ್ ಪ್ರೋಗ್ರಾಂ ಕಟ್ಟಲು ಬಳಸುವ ರೈಲ್ಸ್ ಹುಟ್ಟಿದ್ದೇ ಆ ಕಂಪನಿಯಲ್ಲಿ. ಆ ರೈಲ್ಸ್ 2017ರ 5.1ನೇ ಆವೃತ್ತಿಯಲ್ಲೇ ಹೊಸ ಟೇಬಲ್‌ಗಳಿಗೆ ಬಿಗ್‌ಇಂಟ್ ಕೊಡಲು ಶುರು ಮಾಡಿತ್ತು. ಹಳೇ ಟೇಬಲ್ ಹಾಗೇ ಉಳಿದಿತ್ತು. ನಮ್ಮಲ್ಲಿ ಅಷ್ಟು ಸಾಲುಗಳೇ ಇಲ್ಲವಲ್ಲ ಅನ್ನಬೇಡಿ. ಅಳಿಸಿದ ಸಾಲಿನ ಸಂಖ್ಯೆ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಅರ್ಧಕ್ಕೆ ಬಿದ್ದುಹೋದ ಇನ್ಸರ್ಟ್, ಅಂದರೆ ಸಾಲು ಸೇರಿಸುವ ಆಜ್ಞೆ, ಕೂಡ ಒಂದು ಸಂಖ್ಯೆ ನುಂಗಿರಬಹುದು. ನಾನು ತಿಂಗಳಿಗೊಮ್ಮೆ ದೊಡ್ಡ ಟೇಬಲ್‌ಗಳ ಕೊನೆಯ ಕ್ರಮಸಂಖ್ಯೆ ತೆಗೆದು ನೋಡುತ್ತೇನೆ. 100 ಕೋಟಿ ದಾಟಿದ್ದರೆ ಆಗಲೇ ಬದಲಾವಣೆ ಶುರು. ತುಂಬಿದ ಟೇಬಲ್‌ನ ಕಾಲಂ ಬದಲಿಸಲು ಗಂಟೆಗಟ್ಟಲೆ ಹಿಡಿಯಬಹುದು, ಅಷ್ಟು ಹೊತ್ತೂ ಬರೆಯುವವರು ಕಾಯಬೇಕಾಗಬಹುದು.

ಮತ್ತೆ ಆ ಸಂಘದ ವಿಷಯ. ಕಾಲಂ ಸರಿ ಮಾಡಲು ನನಗೆ ಒಂದು ನಿಮಿಷ ಹಿಡಿಯಿತು. ಹೋದ ನಂಬರ್‌ಗಳು ಹೋಗಿದ್ದವು, ಯಾವ ಕ್ವೆರಿಯೂ ಅವನ್ನು ವಾಪಸ್ ತರುತ್ತಿರಲಿಲ್ಲ. ಗುಮಾಸ್ತರು ಫಾರಂ ಕಟ್ಟು ಬಿಚ್ಚಿದರು. ಮೊದಲು ತಮ್ಮದೇ ನಂಬರ್ ಹಾಕಿದರು, ಸೇವ್ ಮಾಡಿದರು. ಸ್ಕ್ರೀನ್ ಮೇಲಿದ್ದ ನಂಬರ್ ನೋಡಿಕೊಂಡು ಆಫೀಸಿನ ಫೋನಿಂದ ಡಯಲ್ ಮಾಡಿದರು. ಅವರ ಜೇಬಿನಲ್ಲಿ ರಿಂಗಾಯಿತು.

ನಮಸ್ಕಾರ.